ಎತ್ತಿನ ನಡಿಗೆಗೆ ನಡುಗಿದ ಕನ್ನಡಿ

ಪೆಟ್ರೋಲು ತರಲು ಬಾಡಿಗೆ ಬಂಡಿ ಮಾಡಿಕೊಂಡು ಚಿತ್ರದುರ್ಗಕ್ಕೆ ಹೋಗಿದ್ದೆ. ಡಬ್ಬಗಳೊಂದಿಗೆ ಚಳ್ಳಕೆರೆಗೆ ಮರಳುವಷ್ಟರಲ್ಲಿ ಸಾಹುಕಾರರ ಮೋಟಾರಿನ ಪಕ್ಕಕ್ಕೆ ಹೊಸ ಕನ್ನಡಿ ಕೂತುಬಿಟ್ಟಿತ್ತು. ಕೂರಿಸಿದವರು ಸಾಹುಕಾರರ ಭಾವಮೈದುನ. ಈ ಮಹಾಶಯರು ಬಳ್ಳಾರಿಯ ದಂಡಿನಲ್ಲಿ ಬಿಳಿ ದೊರೆಗಳ ಮೋಟಾರುಗಳನ್ನು ಬೇಲಿಯ ಆಚೆಯಿಂದ ನೋಡಿದ್ದರು. ಅಷ್ಟೇ ಅವರ ವಿದ್ಯೆ. ಅಷ್ಟಕ್ಕೇ ಮನೆಯಲ್ಲಿ ಮೋಟಾರಿನ ಮಾತು ಬಂದರೆ ಎಲ್ಲರೂ ಅವರ ಮುಖ ನೋಡುತ್ತಿದ್ದರು. ಅದೇ ಊರಿನ ಕಾರ್ಖಾನೆಯಲ್ಲಿ ಕೈ ಸುಟ್ಟುಕೊಂಡು ಕೆಲಸ ಕಲಿತು, ಈ ಮೋಟಾರನ್ನು ದಿನವೂ ಓಡಿಸಿ, ತೊಳೆದು, ಬಿಚ್ಚಿ ಜೋಡಿಸುತ್ತಿದ್ದ ನನ್ನ ಮುಖವನ್ನು ಯಾರೂ ನೋಡುತ್ತಿರಲಿಲ್ಲ.

"ನಾನು ಬರೋತನಕ ಕಾಯಬಾರ್ದಾಗಿತ್ತಾ?" ಎಂದೆ.

"ಮುಹೂರ್ತ ಕಾಯ್ತೈತೇನಲೇ?" ಎಂದರು ಭಾವಮೈದುನ. "ಅಯ್ಯನೋರು ಇಟ್ಟ ಗಳಿಗೇಲಿ ಕೂರಿಸೀನಿ. ಇನ್ನು ಮಗಳು ತವರಿಗೆ ಬಂದು, ಹೆತ್ತು, ಕೂಸು ತೊಟ್ಲಿಗೆ ಬೀಳೋತನಕ ಅದನ್ನ ಬಿಚ್ಚಂಗಿಲ್ಲ. ನೀನಂತೂ ಮುಟ್ಟಂಗೇ ಇಲ್ಲ."

ಹಳೆಯ ಕನ್ನಡಿಯನ್ನು ಸಂತೆಯಲ್ಲಿ ಒಂದು ಹೋರಿ ಕೊಂಬು ಬೀಸಿ ಒಡೆದಿತ್ತು. ಅದನ್ನು ಹೊತ್ತಿದ್ದ ತೋಳು ಕಬ್ಬಿಣದ ಸರಳು, ಗಿಡ್ಡ, ಸೊಗಸಿಲ್ಲದ್ದು. ಮದರಾಸಿನಿಂದ ಹುಲ್ಲಿನಲ್ಲಿ ಸುತ್ತಿಕೊಂಡು ಬಂದ ಹೊಸದರ ತೋಳು ಹಿತ್ತಾಳೆಯದು, ಉದ್ದ, ಫಳಫಳ. ನಾನು ಹಳೆಯ ತೋಳನ್ನು ಸಾಮಾನಿನ ಪೆಟ್ಟಿಗೆಗೆ ಹಾಕಿಕೊಂಡಾಗ ಸಾಹುಕಾರರು, "ಆ ಗುಜರಿ ಯಾಕಲೇ? ಲಕ್ಷ್ಮಿ ಬರೋ ಮನೇಲಿ ಮುರುಕು ಇಟ್ಕಬಾರ್ದು" ಎಂದು ಗದರಿದರು. ಎಸೆಯುತ್ತೇನೆ ಎಂದು ಹೇಳಿ ಇಟ್ಟುಕೊಂಡೆ.

ಕನ್ನಡಿ ಇವರಿಗೆ ಯಾಕೆ ಬೇಕಿತ್ತು ಎನ್ನುವುದನ್ನು ಹೇಳಬೇಕು. ಸಾಹುಕಾರರು ಮಗಳನ್ನು ಮೊಳಕಾಲ್ಮೂರಿನ ರೇಷ್ಮೆ ವ್ಯಾಪಾರಿಗಳ ಮನೆಗೆ ಕೊಟ್ಟಿದ್ದರು. ಈಗ ಅವಳು ಚೊಚ್ಚಲ ಬಸುರಿ, ಬಾಣಂತನಕ್ಕೆ ತವರಿಗೆ ಕರೆತರಬೇಕು. ಸುತ್ತ ಎಲ್ಲಿಯೂ ಇಲ್ಲದ ಮೋಟಾರು ಮನೆಯಲ್ಲಿದೆ, ಅದರಲ್ಲೇ ಕೂರಿಸಿಕೊಂಡು ಬರಬಹುದಲ್ಲ ಎಂದು ಬುದ್ಧಿ ಇದ್ದವರು ಕೇಳಿಯಾರು. ಮನೆಗೆ ಮುಹೂರ್ತ ಇಟ್ಟುಕೊಡುವ ಅಯ್ಯನವರು ಬೇಡ ಎಂದಿದ್ದರು. ಮೋಟಾರಿನ ಕುಲುಕಾಟಕ್ಕೆ ಬಸಿರು ನಿಲ್ಲುವುದಿಲ್ಲವಂತೆ. ಒಂದು ಕಲ್ಲು ಹತ್ತಿ ಇನ್ನೊಂದು ಕಲ್ಲಿಗೆ ಧಡಕ್ಕನೆ ಇಳಿಯುವ ಎತ್ತಿನ ಬಂಡಿಯಲ್ಲಾದರೆ ಚೆನ್ನಾಗಿ ನಿಲ್ಲುತ್ತದಂತೆ. ಹಾಗೆಂದು ಮೋಟಾರನ್ನು ಮನೆಯಲ್ಲಿ ಬಿಡುವಂತೆಯೂ ಇಲ್ಲ, ಬೀಗರು ಕಣ್ಣು ತುಂಬ ನೋಡಬೇಕು. ಆದ್ದರಿಂದ ಮಗಳು ಬೀಗರ ಕಮಾನು ಬಂಡಿಯಲ್ಲಿ, ಮೋಟಾರು ಅದರ ಮುಂದೆ, ಎರಡೂ ಎತ್ತಿನ ನಡಿಗೆಯಲ್ಲಿ ಎಂದು ಹಿರಿಯರು ಕೂತು ತೀರ್ಮಾನಿಸಿದ್ದರು.

"ಬಂಡಿ ಮುಂದೆ ಹೋಗ್ಲಿ ಸಾವ್ಕಾರ್ರೇ, ನಾನು ಹಿಂದೆ ನೋಡ್ಕಂಡು ಬರ್ತೀನಿ" ಎಂದಿದ್ದೆ.

"ಬಂಡಿ ಬಾಲ ಹಿಡ್ಕಂಡು ಮೋಟಾರು ಹೋಗ್ತೈತೇನಲೇ? ಮಾನ ಮರ್ಯಾದೆ ಐತೋ ಇಲ್ಲೋ ನಿಂಗೆ?"

ಇದೇ ಮಗಳ ಮದುವೆಯ ದಿಬ್ಬಣದಲ್ಲಿ ಮೋಟಾರು ಹೀಗೆಯೇ ಮುಂದಿತ್ತು, ಬಂಡಿಗಳು ಹಿಂದಿದ್ದವು. ಒಂದು ಬಂಡಿ ಹಳ್ಳದಲ್ಲಿ ಮಗುಚಿತು. ಎಂಜಿನ್ನಿನ ಸದ್ದಿನಲ್ಲಿ ನಮಗೆ ಕೂಗು ಕೇಳಲಿಲ್ಲ. ಮುಂದಿನ ಊರಿನಲ್ಲಿ ನೀರಿಗೆಂದು ನಿಂತು ತಿರುಗಿ ನೋಡಿದಾಗ ಹಿಂದೆ ಬರೀ ದಾರಿ ಇತ್ತು. ಆ ಬಂಡಿಯಲ್ಲಿದ್ದ ಒಬ್ಬ ನೇಕಾರನ ತೋಳು ಮುರಿಯಿತು, ಅವನು ಮತ್ತೆ ಮಗ್ಗದ ಗುಂಡಿಗೆ ಇಳಿಯಲಿಲ್ಲ. ಮೋಟಾರಿಗೆ ಆ ಹಳೆಯ ಕನ್ನಡಿ ತರಿಸಿದ್ದು ಅದಾದ ಮೇಲೆ. ಈ ಸಲ ಹಿಂದಿನ ಬಂಡಿಯಲ್ಲಿ ಕೂರುವವಳು ಬಸುರಿ. ಮದುವೆಗೆ ಮುಂಚೆ ಶೆಡ್ಡಿಗೆ ಬಂದು, ನೀರು ಎಲ್ಲಿ ಹಾಕ್ತೀಯ, ಬೆಂಕಿ ಎಲ್ಲಿ ಹತ್ತುತ್ತೆ, ಇದು ನಿಲ್ಲೋದು ಹೇಗೆ ಎಂದು ನನ್ನನ್ನು ಕೇಳುತ್ತಿದ್ದ ಹುಡುಗಿ ಅವಳು. ಆ ಮನೆಯಲ್ಲಿ ಮೋಟಾರಿನ ಬಗ್ಗೆ ಪ್ರಶ್ನೆ ಕೇಳಿದ ಒಂದೇ ಜೀವ. ಉಳಿದವರೆಲ್ಲ ಉತ್ತರ ಹೇಳುವವರೇ.

ಎಂಜಿನ್ ಶುರು ಮಾಡಿ ನೋಡಿದೆ. ಕನ್ನಡಿಯಲ್ಲಿ ಶೆಡ್ಡಿನ ಗೋಡೆ ಕಾಣಲಿಲ್ಲ, ಗೋಡೆಯ ಬಣ್ಣದ ಗಂಜಿ ಕಂಡಿತು.

ಹಿಂದಿನ ಗೋಡೆಯ ಮೇಲೆ ಸುಣ್ಣದಲ್ಲಿ ನೆಟ್ಟಗೆ ಒಂದು ಗೀಟು ಎಳೆದೆ. ಎಂಜಿನ್ ನಿಂತಾಗ ಕನ್ನಡಿಯಲ್ಲಿ ಒಂದೇ ಗೀಟು. ಎಂಜಿನ್ ನಿಧಾನಕ್ಕೆ ಓಡುವಾಗ ಗೀಟು ಹೋಗಿ ಅಂಗೈ ಅಗಲದ ಬಿಳಿ ಪಟ್ಟಿ. ಜೋರು ಮಾಡಿದರೆ ಪಟ್ಟಿ ಕಿರಿದಾಗಿ ಮತ್ತೆ ಗೀಟಿನ ಹತ್ತಿರಕ್ಕೆ ಬರುತ್ತಿತ್ತು. ಅಂದರೆ ಗಾಳಿಯ ಹಾಗೆ ಓಡಿಸಿದರೆ ಹಿಂದಿನದು ಕಾಣುತ್ತದೆ, ಎತ್ತಿನ ನಡಿಗೆಯಲ್ಲಿ ಏನೂ ಕಾಣುವುದಿಲ್ಲ. ಯಾವ ಕೆಲಸಕ್ಕೆಂದು ತಂದರೋ ಆ ಕೆಲಸವೊಂದನ್ನು ಬಿಟ್ಟು ಬೇರೆಲ್ಲಕ್ಕೂ ಕನ್ನಡಿ ಲಾಯಕ್ಕಾಗಿತ್ತು. ಈ ಗುಣದಲ್ಲಿ ಅದು ಮನೆಯವರಿಗೆ ಸರಿಯಾಗಿ ಹೊಂದಿಕೊಂಡಿತ್ತು.

ಕನ್ನಡಿ ನಿಂತಿದ್ದದ್ದು ಹೀಗೆ: ಮುಂದಿನ ಗಾಜಿನ ಪಕ್ಕದ ಕಂಬಿಯನ್ನು ಒಂದು ಹಿತ್ತಾಳೆಯ ಕ್ಲಾಂಪು ಎರಡೂ ಕಡೆಯಿಂದ ತಬ್ಬಿಕೊಳ್ಳುತ್ತದೆ. ಅದರ ಎರಡು ತುಟಿಗಳನ್ನು ಒಂದು ಬೋಲ್ಟು ಹತ್ತಿರಕ್ಕೆ ಎಳೆದು ಬಿಗಿಯುತ್ತದೆ. ಕ್ಲಾಂಪಿನಿಂದ ತೋಳು, ತೋಳಿನ ತುದಿಗೆ ಕನ್ನಡಿ. ಭಾವಮೈದುನರು ಕಂಬಿಗೂ ಕ್ಲಾಂಪಿಗೂ ನಡುವೆ ಚೆಂದದ ಕೆಂಪು ತೊಗಲು ಸುತ್ತಿದ್ದರು. ತೊಗಲು ಸುತ್ತುವುದು ತಪ್ಪಲ್ಲ. ಇವರಿಗೆ ಇಷ್ಟು ಹೇಗೆ ಹೊಳೆಯಿತು ಎಂದು ಒಂದು ಕ್ಷಣ ಆಶ್ಚರ್ಯವೇ ಆಯಿತು.

ಬಿಚ್ಚಬಾರದು ಎಂದರೇ ಹೊರತು ಬಿಗಿಯಬಾರದು ಎಂದಿರಲಿಲ್ಲ. ಪಾನಾ ಹಾಕಿ ಬೋಲ್ಟು ತಿರುಗಿಸಿದೆ. ತುಟಿಗಳು ಒಂದಕ್ಕೊಂದು ಮುಟ್ಟಿಕೊಂಡು ನಿಂತವು, ನಡುಕ ನಿಲ್ಲಲಿಲ್ಲ. ತೋಳು ಉದ್ದವಾದದ್ದೇ ಕಾರಣವಿರಬೇಕು ಎಂದುಕೊಂಡು ತೋಳಿನ ನಡುವಿನಿಂದ ಚಕ್ರದ ಮೇಲಿನ ತಗಡಿಗೆ ಒಂದು ಕಂಬಿಯ ಊರುಗೋಲು ಕೊಟ್ಟೆ. ಆ ತಗಡು ತಾನೇ ನಡುಗುವ ವಸ್ತು. ತನ್ನ ನಡುಕವನ್ನೂ ಕನ್ನಡಿಗೆ ದಾನ ಮಾಡಿತು, ಪಟ್ಟಿ ಎರಡು ಅಂಗೈ ಅಗಲವಾಯಿತು. ಊರುಗೋಲು ತೆಗೆದು ಕನ್ನಡಿಯ ಬೆನ್ನಿಗೆ ಸೀಸದ ಬಿಲ್ಲೆ ಕಟ್ಟಿದೆ. ನಡುಕ ನಿಧಾನವಾಯಿತು, ಆದರೆ ಕನ್ನಡಿ ತೂಕಕ್ಕೆ ಇಷ್ಟಿಷ್ಟೇ ತಲೆ ತಗ್ಗಿಸಿ ಕೊನೆಗೆ ನೆಲ ನೋಡತೊಡಗಿತು.

ನಾನು ಹೀಗೆ ಒದ್ದಾಡುವಾಗ ಮನೆಯ ಗಂಡಸರು ಒಬ್ಬೊಬ್ಬರೇ ಬಂದು ಎಲೆಯಡಿಕೆ ಹಾಕಿಕೊಂಡು ನೋಡಿ ಹೋಗುತ್ತಿದ್ದರು. ಭಾವಮೈದುನರು ಕನ್ನಡಿಗೆ ದೃಷ್ಟಿ ತಾಗಿದೆ ಎಂದು ಕಂಡುಹಿಡಿದು ತೋಳಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಸಿದರು. ಈಗ ಕನ್ನಡಿಯ ಜೊತೆಗೆ ನಿಂಬೆಹಣ್ಣೂ ನಡುಗತೊಡಗಿತು. ಸಾಹುಕಾರರು ಬಂದು, ಎಂಜಿನ್ ನಿಲ್ಲಿಸಲು ಹೇಳಿ, ಕನ್ನಡಿಯನ್ನು ತಮ್ಮ ಕಡೆ ತಿರುಗಿಸಿಕೊಂಡು ರುಮಾಲು ಸರಿ ಮಾಡಿಕೊಂಡರು. "ಚೆನ್ನಾಗೇ ಕಾಣ್ತೈತಲ್ಲಲೇ" ಎಂದು ಹೊರಟುಹೋದರು. ಹಿಂದೆ ಬರುವ ಮಗಳನ್ನು ನೋಡಲು ಇರುವ ಕನ್ನಡಿ ಅದು ಎಂಬುದು ಅವರಿಗೆ ಮರೆತೇಹೋಗಿತ್ತು. ನನಗೆ ಮೈಯೆಲ್ಲ ಉರಿಯಿತು.

ಎಲ್ಲರೂ ಹೋದ ಮೇಲೆ ಸೀಸ, ನಿಂಬೆಹಣ್ಣು ಎರಡನ್ನೂ ಕಿತ್ತು ಹಾಕಿ, ಎಂಜಿನ್ ನಿಧಾನಕ್ಕೆ ಓಡಲು ಬಿಟ್ಟು, ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ಕನ್ನಡಿಯ ಬೆನ್ನನ್ನು ಬೆರಳಿನಿಂದ ಒತ್ತಿದೆ. ಒಳಗಿನ ಗಾಜು ಸಣ್ಣಗೆ ಕಟಕಟ ಎನ್ನುತ್ತಿತ್ತು, ಅದು ಬೇರೆ ಕಾಯಿಲೆ, ಚಿಕ್ಕದು. ತೋಳನ್ನು ಹಿಡಿದೆ. ನಡುಕ ಅರ್ಧವಾಯಿತು. ಬಳಿಕ ಉಗುರನ್ನು ಕ್ಲಾಂಪಿನ ಅಂಚಿಗೂ ಕಂಬಿಗೂ ಸೇರಿಸಿ ಇಟ್ಟೆ. ಉಗುರಿಗೆ ಕಚಗುಳಿ ಇಟ್ಟಂತಾಯಿತು. ಬೋಲ್ಟು ಪೂರಾ ಬಿಗಿದಿದೆ, ತುಟಿಗಳು ಮುಟ್ಟಿವೆ, ಆದರೂ ಕ್ಲಾಂಪು ಕಂಬಿಯ ಮೇಲೆ ಸರಿಯುತ್ತಿದೆ. ತೊಗಲಿನ ಕೆಳಗೆ ಮೆತ್ತಗಿನದು ಏನೋ ಇದೆ. ಅದನ್ನು ನೋಡಬೇಕಾದರೆ ಬಿಚ್ಚಲೇಬೇಕು.

ಬಿಚ್ಚಿದರೆ ಕೆಲಸ ಹೋಗುತ್ತದೆ. ಸಾಹುಕಾರರು ಆಗಲೇ ಬಳ್ಳಾರಿ ಕಡೆಯ ಇನ್ನೊಬ್ಬ ಡ್ರೈವರನ ಮಾತು ಆಡುತ್ತಿದ್ದರು. ಬಿಚ್ಚದಿದ್ದರೆ ಆ ಹುಡುಗಿಯ ಮುಂದೆ ಕಣ್ಣು ಕಟ್ಟಿಕೊಂಡು ಮೋಟಾರು ಓಡಿಸಬೇಕು. ನೇಕಾರನ ತೋಳು ನೆನಪಾಯಿತು. ಹಾಳಾಗಿ ಹೋಗಲಿ ಎಂದು ಪಾನಾ ಎತ್ತಿಕೊಂಡೆ.

ಬೋಲ್ಟು ಬಿಚ್ಚಿ ತೊಗಲನ್ನು ಸುಲಿದೆ. ಕೆಳಗೆ ಕಂಬಿಯ ಸುತ್ತ ಅರಿಶಿನದ ದಾರದ ಕಂಕಣ ಇತ್ತು. ಮೊಮ್ಮಗಳು ಸುಖವಾಗಿ ಮನೆ ಸೇರಲಿ ಎಂದು ಸಾಹುಕಾರರ ತಾಯಿ ಮೋಟಾರಿಗೆ ಕಟ್ಟಿದ್ದ ಕಂಕಣ. ಅದರ ಅರಿಶಿನ ಕೊಂಬು ಜಜ್ಜಿ ಹುಡಿಯಾಗಿತ್ತು. ಹಸಿಯಾಗಿದ್ದಾಗ ದಪ್ಪಗಿದ್ದ ದಾರ ಒಣಗಿ ಸೊರಗಿತ್ತು. ಕಂಕಣ ಬಿಚ್ಚಬಾರದು, ಮುಹೂರ್ತ ಮೀರಬಾರದು. ಭಾವಮೈದುನರು ಎರಡನ್ನೂ ಉಳಿಸಿ ಕ್ಲಾಂಪನ್ನು ಕೊಂದಿದ್ದರು. ಕಂಕಣದ ಮೇಲೆ ಕೂರಲೆಂದು ಕ್ಲಾಂಪಿನ ಒಳಮೈಯನ್ನು ಅರದಿಂದ ಉಜ್ಜಿ ಅಗಲ ಮಾಡಿ, ಗುಟ್ಟು ಕಾಣದಿರಲಿ ಎಂದು ತೊಗಲು ಸುತ್ತಿದ್ದರು. ಕೆಂಪು ತೊಗಲಿನ ಬುದ್ಧಿವಂತಿಕೆ ಎಲ್ಲಿಂದ ಬಂತೆಂದು ಈಗ ಗೊತ್ತಾಯಿತು.

ಕಂಕಣಕ್ಕೆ ಚಾಕು ಹಾಕಲು ನನಗೂ ಕೈ ಬರಲಿಲ್ಲ. ನೇರ ಪಡಸಾಲೆಗೆ ಹೋದೆ. ಸಾಹುಕಾರರ ತಾಯಿ, ಊರಿಗೆಲ್ಲ ದೊಡ್ಡವ್ವ, ಮೊರದಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದರು. ಗಂಡುಮಕ್ಕಳೆಲ್ಲ ಅವರ ನೆರಳು ಕಂಡರೆ ನಡುಗುತ್ತಿದ್ದರು. ನಾನು ನಡೆದದ್ದನ್ನೆಲ್ಲ ಹೇಳಿದೆ.

ದೊಡ್ಡವ್ವ ಸುಲಿಯುವುದನ್ನು ನಿಲ್ಲಿಸಿದರು. "ನಾನು ಕಟ್ಟಿದ್ದು ಮೋಟಾರಿಗೆ ಕಣಪ್ಪಾ. ಗಾಲಿಗೆ ಕಟ್ಟಬೇಕಂತಿದ್ದೆ, ಸೊಂಟ ಬಗ್ಗಲಿಲ್ಲ. ಕೈಗೆ ಎಟುಕ್ತು ಅಂತ ಆ ಕಂಬೀಗೆ ಕಟ್ದೆ. ಅದರ ಮ್ಯಾಲೆ ಹಿತ್ತಾಳೆ ಬಿಗೀರಿ ಅಂದೋರ್ಯಾರು?"

"ಕಂಕಣ ಬಿಚ್ಚಬಾರ್ದು ಅಂತ..."

"ಕಟ್ದೋಳು ನಾನು ಇಲ್ಲೇ ಕುಂತೀನಿ. ಯಾವನಾದ್ರೂ ಬಂದು ಕೇಳಿದ್ನಾ? ಹೋಗ್ಲಿ, ನೀನು ಕೇಳಿದ್ಯಾ?"

ಎನ್ನುತ್ತಲೇ ಮೊರವನ್ನು ಪಕ್ಕಕ್ಕೆ ಸರಿಸಿ ಎದ್ದರು.

ದೊಡ್ಡವ್ವ ಗೋಡೆ ಹಿಡಿದುಕೊಂಡು ಶೆಡ್ಡಿಗೆ ಬಂದು, ತಮ್ಮ ಕೈಯಿಂದಲೇ ಗಂಟು ಬಿಚ್ಚಿ ಹಳೆಯ ದಾರವನ್ನು ಬಾವಿಗೆ ಹಾಕಿಸಿದರು. ಹೊಸ ದಾರಕ್ಕೆ ಅರಿಶಿನ ಹಚ್ಚಿಕೊಂಡು ನಾನು ಮೋಟಾರಿನ ಬೇರೊಂದು ಕಂಬಿಯನ್ನು ತೋರಿಸುತ್ತಿದ್ದರೆ ನನ್ನ ಕಡೆ ತಿರುಗಿದರು. "ಅದಕ್ಕೆ ಕಟ್ಟಿ ಏನು ಬಂತು? ಅದಕ್ಕೇನು ಕಣ್ಣು ಐತಾ? ಕೈ ತಾ ಇಲ್ಲಿ" ಎಂದು ನನ್ನ ಬಲಗೈಗೆ ಕಟ್ಟಿದರು. "ನನ್ನ ಮೊಮ್ಮಗಳನ್ನ ಕರ್ಕಂಡು ಬಾ. ಆಮ್ಯಾಲೆ ಬಿಚ್ತೀನಿ." ಎಣ್ಣೆ ಮಸಿಯ ಆ ಕೈಯನ್ನು ಆ ಮನೆಯಲ್ಲಿ ಅದುವರೆಗೆ ಯಾರೂ ಹಿಡಿದಿರಲಿಲ್ಲ.

ಇನ್ನುಳಿದದ್ದು ಬರೀ ಕೆಲಸ. ಸೀಮೆಎಣ್ಣೆ ಡಬ್ಬದ ತಗಡು ಕತ್ತರಿಸಿ, ಕಂಬಿಯ ಸುತ್ತ ಒಂದರ ಮೇಲೊಂದು ಸುತ್ತು ಬರುವಂತೆ ಬಡಿದು ಕೂರಿಸಿದೆ. ಕ್ಲಾಂಪಿನ ತುಟಿಗಳನ್ನು ಅರದಿಂದ ಉಜ್ಜಿ, ಪೂರಾ ಬಿಗಿದಾಗಲೂ ನಡುವೆ ಸಣ್ಣ ಸಂದು ಉಳಿಯುವಂತೆ ಮಾಡಿದೆ. ತುಟಿ ತುಟಿಗೆ ಮುಟ್ಟಿದರೆ ಬೋಲ್ಟು ತುಟಿಯನ್ನು ಬಿಗಿಯುತ್ತದೆ, ಕಂಬಿಯನ್ನಲ್ಲ. ಹಿತ್ತಾಳೆಯ ತೋಳನ್ನು ಕುಯ್ದು ಗಿಡ್ಡ ಮಾಡಿದೆ. ಕೊನೆಗೆ ಗಾಜನ್ನು ಚೌಕಟ್ಟಿನಿಂದ ಇಳಿಸಿ, ಹರಿದ ಕರಿಕಂಬಳಿಯ ಒಂದು ತುಂಡನ್ನು ಗುಂಡಗೆ ಕತ್ತರಿಸಿ ಅದರ ಬೆನ್ನಿಗೆ ಇಟ್ಟು ಮುಚ್ಚಿದೆ. ಕಟಕಟ ನಿಂತಿತು. ಎಂಜಿನ್ ಶುರು ಮಾಡಿ ಎತ್ತಿನ ನಡಿಗೆಯ ಸದ್ದಿಗೆ ತಂದು ಕನ್ನಡಿ ನೋಡಿದೆ. ಗೋಡೆಯ ಮೇಲೆ ಒಂದು ಗೀಟು, ಕನ್ನಡಿಯಲ್ಲಿ ಒಂದು ಗೀಟು.

ಸಾಹುಕಾರರು ಸುದ್ದಿ ಕೇಳಿ ಕೆಂಡವಾಗಿ ಬಂದರು. ತಾಯಿ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದನ್ನು ಕಂಡು, "ಬಿಚ್ಚಿ ನೋಡು ಅಂತ ನಾನೇ ಅನ್ನೋನಿದ್ದೆ" ಎಂದರು.

ಮೊಳಕಾಲ್ಮೂರಿನಲ್ಲಿ ಬೀಗರ ಬೀದಿಯ ಮಗ್ಗಗಳೆಲ್ಲ ಸದ್ದು ನಿಲ್ಲಿಸಿದವು, ನೇಕಾರರು ಮೋಟಾರು ನೋಡಲು ಬಂದರು. ಬೀಗರೂ ನಮ್ಮವರಿಗೆ ಕಡಿಮೆ ಇರಲಿಲ್ಲ. ಬಂಡಿಗೆ ಹೊಸ ಕಮಾನು, ಎತ್ತಿಗೆ ಗೊಂಡೆ, ಗಾಲಿಗಳಿಗೆ ಹಸಿರು ಕೆಂಪು ಬಣ್ಣ. ಗಾಲಿಯನ್ನು ಕಳಚಿ ಬಣ್ಣ ಬಳಿದವನು ಗಾಲಿ ಜಾರದಂತೆ ಅಚ್ಚಿನ ತುದಿಗೆ ಹಾಕುವ ಕಡಾಣಿಯನ್ನು ಬಣ್ಣ ಹೋದೀತೆಂದು ಬಡಿಯದೆ ಹಾಗೇ ತೂರಿಸಿದ್ದ. ಇದು ಆಮೇಲೆ ಗೊತ್ತಾದದ್ದು. ಮೋಟಾರಿನ ಹಿಂದಿನ ಸೀಟಿನಲ್ಲಿ ಬೀಗರು ಕೊಟ್ಟ ಬುಟ್ಟಿಗಳ ಜೊತೆ ಭಾವಮೈದುನರು ಕೂತರು, ನನ್ನ ಪಕ್ಕದಲ್ಲಿ ಸಾಹುಕಾರರು. ಬಸುರಿ ಮಗಳು ಬಂಡಿಯಲ್ಲಿ, ಜೊತೆಗೆ ಬೀಗರ ಕಡೆಯ ಒಬ್ಬ ಮುದುಕಿ.

ಎತ್ತಿನ ನಡಿಗೆಯಲ್ಲಿ ಮೋಟಾರು ಓಡಿಸುವುದು ಎಂಜಿನ್ನಿಗೂ ಹಿಂಸೆ, ಮನುಷ್ಯನಿಗೂ ಹಿಂಸೆ. ಕಣ್ಣು ದಾರಿಗೊಮ್ಮೆ, ಕನ್ನಡಿಗೊಮ್ಮೆ. ಕನ್ನಡಿಯಲ್ಲಿ ಎತ್ತಿನ ಕೊಂಬಿನ ಗೊಂಡೆ ಒಂದೊಂದೂ ಕಾಣುತ್ತಿತ್ತು. ಸಾಹುಕಾರರು ಅದನ್ನು ತಮ್ಮ ಕಡೆ ತಿರುಗಿಸಲು ಒಮ್ಮೆ ಕೈ ಚಾಚಿದರು. ಕಂಕಣದ ಕೈಯನ್ನು ಅಡ್ಡ ಇಟ್ಟೆ. ಏನು ಅನ್ನಿಸಿತೋ, ಕೈ ಹಿಂದಕ್ಕೆ ತೆಗೆದುಕೊಂಡರು.

ತಳಕು ಇನ್ನೂ ಮುಂದಿತ್ತು. ದಾರಿ ಒಂದು ಹಳ್ಳಕ್ಕೆ ಇಳಿಯುವ ಮುನ್ನ ಕನ್ನಡಿ ನೋಡಿದೆ. ಬಂಡಿಯವನು ತಲೆ ಎದೆಗೆ ಹಾಕಿ ತೂಕಡಿಸುತ್ತಿದ್ದ. ಬಲಗಡೆಯ ಗಾಲಿ, ಆ ಹಸಿರು ಕೆಂಪು ಗಾಲಿ, ಮೇಲೆ ಒಳಕ್ಕೂ ಕೆಳಗೆ ಹೊರಕ್ಕೂ ವಾಲಿ ತಿರುಗುತ್ತಿತ್ತು. ಕಡಾಣಿಯ ಜಾಗದಲ್ಲಿ ಏನೂ ಇರಲಿಲ್ಲ. ಪ್ರತಿ ಸುತ್ತಿಗೂ ಗಾಲಿ ಅಚ್ಚಿನ ಮೇಲೆ ಹೊರಹೊರಗೆ ಬರುತ್ತಿತ್ತು. ಹಳೆಯ ನಡುಕದಲ್ಲಾಗಿದ್ದರೆ ಇದು ಬಣ್ಣದ ಒಂದು ಮುದ್ದೆಯಾಗಿ ಕಾಣುತ್ತಿತ್ತು, ಅಷ್ಟೇ.

ಬ್ರೇಕು ಒತ್ತಿ, ಎಂಜಿನ್ ನಿಲ್ಲಿಸಿ ಇಳಿದು ಓಡಿದೆ. "ಯಾಕಲೇ ನಿಲ್ಲಿಸ್ದೆ?" ಎಂದು ಸಾಹುಕಾರರು ಹಿಂದಿನಿಂದ ಕೂಗಿದರು. ಎತ್ತುಗಳ ಮೂಗುದಾರ ಹಿಡಿದು ನಿಲ್ಲಿಸುವ ಹೊತ್ತಿಗೆ ಗಾಲಿ ಅಚ್ಚಿನ ತುದಿಯಲ್ಲಿ ಬೆರಳಗಲ ಉಳಿದಿತ್ತು. ಬಂಡಿಯವನು ಎಚ್ಚೆತ್ತು, "ಏಮಯಿಂದಿ ಅನ್ನಾ, ಏನಾಯ್ತು?" ಎಂದ. ಗಾಲಿ ತೋರಿಸಿದೆ. ಅವನು ಜಿಗಿದು ಬಂಡಿಗೆ ಹೆಗಲು ಕೊಟ್ಟ. ಮಗಳನ್ನೂ ಮುದುಕಿಯನ್ನೂ ಇಳಿಸಿ, ಗಾಲಿಯನ್ನು ಒಳಕ್ಕೆ ನೂಕಿ, ಸಾಮಾನಿನ ಪೆಟ್ಟಿಗೆಯಿಂದ ಆ ಹಳೆಯ ಗಿಡ್ಡ ಕಬ್ಬಿಣದ ತೋಳನ್ನು ತಂದೆ. ಅಚ್ಚಿನ ತೂತಿಗೆ ಅದನ್ನು ಸುತ್ತಿಗೆಯಿಂದ ಬಡಿದು ಕೂರಿಸಿ ತುದಿ ಮಡಚಿದೆ. ಬಣ್ಣ ಚೆನ್ನಾಗಿಯೇ ಕಿತ್ತುಬಂತು. ಸಾಹುಕಾರರು ಗುಜರಿಯನ್ನು ಗುರುತಿಸಿದರು.

"ಸರಿ, ಹತ್ತವ್ವಾ" ಎಂದರು ಮಗಳಿಗೆ.

ಅವಳು ಹಳ್ಳದ ಇಳಿಜಾರನ್ನು ನೋಡಿದಳು. ಒಂದು ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡು ನಡೆದು ಬಂದು ಮೋಟಾರಿನ ಬಾಗಿಲು ತೆಗೆದಳು. "ನಾನು ಇದರಾಗೇ ಬರ್ತೀನಪ್ಪಾಜಿ."

"ಅಯ್ಯನೋರು ಬ್ಯಾಡ ಅಂದಾರಲ್ಲವ್ವಾ."

"ಅಯ್ಯನೋರು ಆ ಬಂಡೀಲಿ ಕುಂತಿದ್ರಾ? ಬೆಳಿಗ್ಗೆಯಿಂದ ನನ್ನ ನಡ ಬಿದ್ದು ಹೋಗೈತೆ. ಅಣ್ಣ ಮೆಲ್ಲಗೆ ಓಡಿಸ್ತಾರೆ." ಅಣ್ಣ ಎಂದದ್ದು ನನ್ನನ್ನು. ಮುದುಕಿಯೂ ಯಾರಾದರೂ ಕರೆಯುವವರೆಗೆ ಕಾಯದೆ ಹಿಂದಿನ ಸೀಟಿಗೆ ಹತ್ತಿದಳು. ಭಾವಮೈದುನರು ಬುಟ್ಟಿಗಳ ನಡುವಿನಿಂದ ಇಳಿಯಬೇಕಾಯಿತು.

ಸಾಹುಕಾರರು ಮುಂದಿನ ಸೀಟಿಗೆ ಕಾಲಿಟ್ಟರು. ಮಗಳು ಹಿಂದಿನಿಂದ ಮೆಲ್ಲಗೆ ಹೇಳಿದಳು: "ಅಪ್ಪಾಜಿ, ಬೀಗರ ಬಂಡಿ ಬರಿದು ಬರಬಾರ್ದು ಅಂತ ನೀವೇ ಹೇಳ್ತಿದ್ರಿ. ಮನೆ ಹಿರಿಯರು ಕುಂತು ಬರಬೇಕು, ಅಲ್ವಾ?"

ಅದು ಅವರದೇ ಮಾತು. ನೂರು ಸಲ ಹೇಳಿದ್ದರು. ಭಾವಮೈದುನರ ಮುಖ ನೋಡಿದರು. ಭಾವಮೈದುನರು ಆಕಾಶ ನೋಡಿದರು. ಇಬ್ಬರೂ ಹೋಗಿ ಬಂಡಿ ಹತ್ತಿದರು.

ಎಂಜಿನ್ ಶುರು ಮಾಡಿ ಎತ್ತಿನ ನಡಿಗೆಯಲ್ಲೇ ಹಳ್ಳ ದಾಟಿಸಿದೆ. ಆಚೆ ದಡದ ಕಲ್ಲುಗಳ ಮೇಲೆ ಬಂಡಿ ಬರುವಾಗ ಕನ್ನಡಿ ನೋಡಿದೆ. ಕಮಾನಿನ ಕೆಳಗೆ ಸಾಹುಕಾರರ ರುಮಾಲು ಒಂದೊಂದು ಕಲ್ಲಿಗೂ ಎದ್ದು ಬಿದಿರಿಗೆ ಬಡಿದು ಕೂರುತ್ತಿತ್ತು. ಭಾವಮೈದುನರು ಎರಡೂ ಕೈಯಲ್ಲಿ ಬಂಡಿಯ ಗೂಟ ತಬ್ಬಿಕೊಂಡಿದ್ದರು.

"ಕನ್ನಡಿ ನಡುಗ್ತಿತ್ತಂತಲ್ಲಣ್ಣಾ, ಈಗ ಹೆಂಗೈತೆ?" ಎಂದು ಕೇಳಿದಳು ಹುಡುಗಿ.

"ಕನ್ನಡಿ ಅಲ್ಲಾಡ್ತಿಲ್ಲ ತಾಯಿ. ಅದರೊಳಗಿರೋರು ಅಲ್ಲಾಡ್ತಾವ್ರೆ."

ಅವಳು ಮುಂದಕ್ಕೆ ಬಾಗಿ ನೋಡಿದಳು. ಹೊಟ್ಟೆ ಹಿಡಿದುಕೊಂಡು ನಕ್ಕಳು, ಸೆರಗು ಬಾಯಿಗೆ ಇಟ್ಟುಕೊಂಡು ಮತ್ತೆ ನಕ್ಕಳು. ಅಲ್ಲಿಂದ ಮುಂದೆ ಬಂಡಿಯ ಬಗ್ಗೆ ನನಗೆ ಚಿಂತೆ ಇರಲಿಲ್ಲ. ಆದರೂ ಚಳ್ಳಕೆರೆ ಮುಟ್ಟುವವರೆಗೆ ನಾನು ದಾರಿಗಿಂತ ಕನ್ನಡಿಯನ್ನೇ ಹೆಚ್ಚು ನೋಡಿದೆ.